ಮನೆಯಲ್ಲಿ ಒಳ್ಳೆಯ ಹುಡುಗ, ಶಾಲೆಯಲ್ಲಿ ಪುಂಡ: ತಪ್ಪು ಹುಡುಗನದೋ, ಸುತ್ತಲಿನದೋ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಕಡೆಯವರು. ಯಜಮಾನರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ನಮ್ಮದೂ ಎರಡು ಎಕರೆ ಕಾಫಿ ಇದೆ. ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ. ಎಂಟಕ್ಕೆ ಪೇಟೆಯ ಹೈಸ್ಕೂಲಿನ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಕಳೆದ ವರ್ಷ ಹೇಗೋ ಕಳೆಯಿತು. ಈ ಸಲ ದಸರಾ ರಜೆ ಮುಗಿದ ಮೇಲೆ ಮೂರು ಬಾರಿ ಶಾಲೆಯಿಂದ ಫೋನ್ ಬಂತು. ವಿಜ್ಞಾನದ ಟೀಚರ್ ಪಾಠ ಓದು ಎಂದಾಗ ಎದುರು ಮಾತಾಡಿ ಪುಸ್ತಕ ಎಸೆದನಂತೆ. ಶೌಚಾಲಯದ ಹಿಂದೆ ಇಬ್ಬರ ಜೊತೆ ತಂಬಾಕು ಬಾಯಿಗಿಟ್ಟು ಸಿಕ್ಕಿಬಿದ್ದ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಹೊಡೆದಾಟ. ಇನ್ನೊಮ್ಮೆ ಹೀಗಾದರೆ ಟಿ.ಸಿ. ಕೊಡುತ್ತೇವೆ ಎಂದಿದ್ದಾರೆ. ಯಜಮಾನರು ಒಂದು ದಿನ ಬೆಲ್ಟ್ ತೆಗೆದರು, ಅಂದಿನಿಂದ ಅವನು ಅಪ್ಪನ ಜೊತೆ ಮಾತಾಡುತ್ತಿಲ್ಲ. ಮಾವನವರು ಮೈಸೂರಿನ ಹಾಸ್ಟೆಲಿಗೆ ಹಾಕಿ ಎನ್ನುತ್ತಾರೆ. ಪಕ್ಕದವರು 'ಲೈನ್ ಮನೆ (ಎಸ್ಟೇಟ್ ಕಾರ್ಮಿಕರ ಸಾಲುಮನೆ) ಹುಡುಗರ ಸಹವಾಸ' ಎನ್ನುತ್ತಾರೆ. ಆದರೆ ಮನೆಯಲ್ಲಿ ಅವನು ಹಾಗಿಲ್ಲ. ಹಸುವಿಗೆ ಹುಲ್ಲು ತರುತ್ತಾನೆ, ತಂಗಿಗೆ ಲೆಕ್ಕ ಹೇಳಿಕೊಡುತ್ತಾನೆ. ಆನೆ ಭಯಕ್ಕೆ ನಡೆದು ಬರುವ ಹಾಗಿಲ್ಲ, 4:30ಕ್ಕೆ ಶಾಲೆ ಬಿಟ್ಟರೂ 5:50ರ ಬಸ್ಸಿಗೇ ಬರಬೇಕು. ಪರಿಸರ ಕೆಟ್ಟದ್ದೆಂದು ಶಾಲೆ ಬದಲಿಸಲೇ? ಅಥವಾ ನನ್ನ ಮಗನೇ ಕೆಟ್ಟನೇ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹುಲ್ಲು ಹೊತ್ತು ತರುವವನೂ ಅವನೇ, ಪುಸ್ತಕ ಎಸೆದವನೂ ಅವನೇ. ಸ್ವಭಾವವೇ ಕೆಟ್ಟಿದ್ದರೆ ಅದು ಮನೆ ಬಾಗಿಲಲ್ಲಿ ಚಪ್ಪಲಿಯ ಜೊತೆ ಕಳಚಿಕೊಳ್ಳುವುದಿಲ್ಲ. ಎಲ್ಲ ಕಡೆಯೂ, ಎಲ್ಲರ ಜೊತೆಯೂ, ಚಿಕ್ಕಂದಿನಿಂದಲೂ ಒಂದೇ ರೀತಿ ಒರಟಾಗಿರುವ ಮಕ್ಕಳಿದ್ದಾರೆ. ಅವರ ದಾರಿಯೇ ಬೇರೆ, ಅವರಿಗೆ ಬೇಕಾದ ನೆರವೂ ಬೇರೆ. ನಿಮ್ಮ ಮಗನ ತೊಂದರೆ ಮೂರು ಜಾಗಗಳಲ್ಲಿ ಮಾತ್ರ ಕಾಣಿಸಿದೆ: ವಿಜ್ಞಾನದ ಪಿರಿಯಡ್, ಶೌಚಾಲಯದ ಹಿಂದೆ, ಸಂಜೆಯ ಬಸ್ ಸ್ಟ್ಯಾಂಡು. ಪರಿಸರ ಎಂಬ ದೊಡ್ಡ ಮಾತನ್ನು ಬದಿಗಿಟ್ಟು ಈ ಮೂರು ಜಾಗಗಳನ್ನು ಹಿಡಿದುಕೊಳ್ಳಿ. ಇಡೀ ಊರನ್ನಾಗಲಿ ಇಡೀ ಶಾಲೆಯನ್ನಾಗಲಿ ನೀವು ಬದಲಿಸಲಾರಿರಿ. ದಿನದ ಒಂದೂವರೆ ಎರಡು ಗಂಟೆಯನ್ನು ಬದಲಿಸಬಹುದು.

ಮೊದಲು ಸಹವಾಸದ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಈ ವಯಸ್ಸಿನಲ್ಲಿ ಗೆಳೆಯರು ಸುಮ್ಮನೆ ಪಕ್ಕದಲ್ಲಿ ನಿಂತರೂ ಸಾಕು, ನಿರ್ಧಾರ ಬದಲಾಗುತ್ತದೆ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಬೇರೆ ಬೇರೆ ವಯಸ್ಸಿನವರಿಗೆ ಕೊಟ್ಟು ನೋಡಿದರು. ಒಬ್ಬರೇ ಆಡುವಾಗ ಇದ್ದುದಕ್ಕಿಂತ ಗೆಳೆಯರು ನೋಡುತ್ತಿರುವಾಗ 13ರಿಂದ 16ರ ಹುಡುಗ ಹುಡುಗಿಯರು ತುಂಬ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಯಾರೂ ಯಾರನ್ನೂ ಕೆಡಿಸಬೇಕಾಗಿಲ್ಲ, ನೋಡುವ ಕಣ್ಣುಗಳಿದ್ದರೆ ಆಯಿತು. ಸಹವಾಸದೋಷ ಎಂದು ನಾವು ಹೇಳುವುದರಲ್ಲಿ ಹೆಚ್ಚಿನ ಪಾಲು, ದೊಡ್ಡವರಿಲ್ಲದ ಹೊತ್ತಿನಲ್ಲಿ ಸೇರುವ ಗುಂಪಿನ ದೋಷ. ಅದೇ ಮೂವರನ್ನು ಪಿ.ಟಿ. ಮಾಸ್ಟರ ಕಣ್ಣೆದುರು ಮೈದಾನದಲ್ಲಿ ಬಿಡಿ, ಬೇರೆಯೇ ಹುಡುಗರಾಗಿ ಕಾಣುತ್ತಾರೆ.

ಲೈನ್ ಮನೆಯ ಮಾತನ್ನು ಮಾತ್ರ ನಿಮ್ಮ ಮನೆಯೊಳಗೆ ಸೇರಿಸಬೇಡಿ. ತಂಬಾಕು, ಹೊಡೆದಾಟ, ತರಗತಿ ತಪ್ಪಿಸುವುದು ಬಂಗಲೆಯ ಮಕ್ಕಳಲ್ಲೂ ಇದೆ, ಪೇಟೆಯ ಅಂಗಡಿಕಾರರ ಮಕ್ಕಳಲ್ಲೂ ಇದೆ. ಸಿಕ್ಕಿಬಿದ್ದಾಗ ಯಾರ ಹೆಸರು ಮೊದಲು ಬರೆಯಲಾಗುತ್ತದೆ ಎನ್ನುವುದರಲ್ಲಿ ವ್ಯತ್ಯಾಸವಿದೆ. ಯರವ, ಜೇನುಕುರುಬ ಬುಡಕಟ್ಟುಗಳ ಮಕ್ಕಳು, ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳು ತರಗತಿಗೆ ಕಾಲಿಡುವ ಮೊದಲೇ 'ಅವರು ಹಾಗೆಯೇ' ಎಂಬ ಹಣೆಪಟ್ಟಿ ಕಾಯುತ್ತಿರುತ್ತದೆ. ಆ ಹಣೆಪಟ್ಟಿಯೂ ಒಂದು ಪರಿಸರ, ಮಗುವಿನ ಮೇಲೆ ಬಲವಾಗಿ ಕೆಲಸ ಮಾಡುವ ಪರಿಸರ. ಹೇಗೂ ಕಳ್ಳ ಎನ್ನಿಸಿಕೊಂಡವನಿಗೆ ಸಾಚಾ ಆಗಿ ಉಳಿಯುವುದರಿಂದ ಸಿಗುವುದೇನೂ ಇರುವುದಿಲ್ಲ. ನಾಳೆ ನಿಮ್ಮ ಮಗನಿಗೂ 'ತಂಬಾಕಿನವನು' ಎಂಬ ಹೆಸರು ಅಂಟಿದರೆ ಇದೇ ಆಗುತ್ತದೆ. ಇನ್ನೂ ಒಂದು ಕಾರಣವಿದೆ: ಅವನ ಗೆಳೆಯನ ಮನೆಯನ್ನು ನೀವು ಹಳಿದ ಕ್ಷಣದಿಂದ ಅವನು ಗೆಳೆಯರ ವಿಷಯ ನಿಮಗೆ ಹೇಳುವುದನ್ನು ನಿಲ್ಲಿಸುತ್ತಾನೆ. ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 14 ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಕೇಳಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ. ಮಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಮನೆಯವರಿಗೆ ತಿಳಿಯುವುದು ಪತ್ತೇದಾರಿಕೆಯಿಂದ ಅಲ್ಲ, ಬಹುಪಾಲು ಅವನೇ ಬಾಯಿಬಿಟ್ಟು ಹೇಳುವುದರಿಂದ.

ಎರಡನೇ ಮಾತು, 'ವಯಸ್ಸಿನ ಆಟ, ತಾನಾಗಿ ಸರಿಹೋಗುತ್ತದೆ' ಎನ್ನುವುದು. ಇದೂ ಅರ್ಧ ಸತ್ಯವೇ. ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ದುರ್ನಡತೆ ತೋರುವವರಲ್ಲಿ ಎರಡು ಗುಂಪುಗಳನ್ನು ಬೇರ್ಪಡಿಸಿ ತೋರಿಸಿದರು. ಬಾಲ್ಯದಿಂದಲೇ ಆಕ್ರಮಣಶೀಲತೆ ಇದ್ದು ದೊಡ್ಡವರಾದ ಮೇಲೂ ಮುಂದುವರಿಯುವ ಸಣ್ಣ ಗುಂಪು ಒಂದು. ಹದಿಹರೆಯದಲ್ಲಿ ಶುರುವಾಗಿ, ಕೆಲಸ, ಸಂಸಾರ, ಜವಾಬ್ದಾರಿ ಬಂದಂತೆ ನಿಲ್ಲುವ ದೊಡ್ಡ ಗುಂಪು ಇನ್ನೊಂದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗ ಎರಡನೆಯದಕ್ಕೆ ಸೇರಿದವನು. ಆದರೆ ದೊಡ್ಡ ಗುಂಪಿನ ಎಲ್ಲರೂ ಸುರಕ್ಷಿತವಾಗಿ ದಡ ಸೇರುವುದಿಲ್ಲ. ನಡುವೆ ಉರುಳುಗಳಿವೆ: ಬಿಡಲಾಗದ ಚಟ, ಅರ್ಧಕ್ಕೆ ನಿಂತ ಓದು, ಪೊಲೀಸ್ ಕೇಸು, ಬೈಕ್ ಅಪಘಾತ. ಇವುಗಳಲ್ಲಿ ಒಂದಕ್ಕೆ ಕಾಲು ಸಿಕ್ಕಿದರೆ ಎರಡು ವರ್ಷದ ಹುಡುಗಾಟ ಇಪ್ಪತ್ತು ವರ್ಷ ಹಿಂಬಾಲಿಸುತ್ತದೆ. ಅಂದರೆ ಈಗ ನಿಮ್ಮ ಕೆಲಸ ಅವನನ್ನು ತಿದ್ದಿ ಬೇರೊಬ್ಬನನ್ನಾಗಿ ಮಾಡುವುದಲ್ಲ, ಉರುಳುಗಳಿಂದ ದೂರವಿಡುವುದು. ಟಿ.ಸಿ.ಯೂ ಅಂಥ ಒಂದು ಉರುಳು ಎಂದು ಹೆಡ್‌ಮಾಸ್ಟರಿಗೆ ಹೇಳಲು ಹಿಂಜರಿಯಬೇಡಿ.

ಈಗ ತರಗತಿಯೊಳಗಿನ ಸಂಗತಿಗೆ ಬರೋಣ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. 'ಪಾಠ ಓದು ಎಂದಾಗ' ಎಂದು ಬರೆದಿದ್ದೀರಿ. ಏಳು ವರ್ಷ ಕನ್ನಡದಲ್ಲಿ ಓದಿದ ಹುಡುಗನನ್ನು ನಿಲ್ಲಿಸಿ, ನಲವತ್ತು ಜನರೆದುರು ಇಂಗ್ಲಿಷಿನ ವಿಜ್ಞಾನ ಪಾಠವನ್ನು ಗಟ್ಟಿಯಾಗಿ ಓದು ಎಂದರೆ ಅವನ ಮುಂದೆ ಇರುವುದು ಎರಡೇ ದಾರಿ. ತಡವರಿಸಿ ನಗೆಪಾಟಲಾಗುವುದು, ಇಲ್ಲವೇ ಜಗಳ ತೆಗೆದು ಹೊರಗೆ ಹೋಗುವುದು. ದಡ್ಡ ಎನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಎನ್ನಿಸಿಕೊಳ್ಳುವುದು 14ರ ಹುಡುಗನಿಗೆ ಎಷ್ಟೋ ಮೇಲು. ಟೀಚರ್ 'ಹೊರಗೆ ಹೋಗು' ಎಂದರೆ ಅದು ಅವರ ಲೆಕ್ಕದಲ್ಲಿ ಶಿಕ್ಷೆ, ಅವನ ಲೆಕ್ಕದಲ್ಲಿ ಬಿಡುಗಡೆ. ಮುಂದಿನ ಸಲ ಇನ್ನೂ ಬೇಗ ಜಗಳ ತೆಗೆಯುತ್ತಾನೆ. ಹೊರಗೆ ಹಾಕಿಸಿಕೊಂಡವನು ಎಲ್ಲಿ ನಿಲ್ಲುತ್ತಾನೆ? ಬೇರೆ ತರಗತಿಗಳಿಂದ ಹೀಗೆಯೇ ಹೊರಬಿದ್ದ ಇನ್ನಿಬ್ಬರು ನಿಂತಿರುವಲ್ಲಿ, ಶೌಚಾಲಯದ ಹಿಂದೆ. ವಿಜ್ಞಾನದ ಪಿರಿಯಡ್ಡಿಗೂ ತಂಬಾಕಿಗೂ ನಡುವೆ ಇಂಥ ಸರಪಳಿ ಇರಬಹುದು. ಇದು ಪತ್ರ ಓದಿ ಬಂದ ಅನುಮಾನ. ಪರೀಕ್ಷಿಸುವುದು ಕಷ್ಟವಲ್ಲ.

ಅವನ ಸಮಾಜ ವಿಜ್ಞಾನ ಅಥವಾ ವಿಜ್ಞಾನದ ಪುಸ್ತಕದಿಂದ, ಇನ್ನೂ ಪಾಠ ಆಗದ ಒಂದು ಪುಟ ತೆಗೆಯಿರಿ. 100 ಪದಗಳನ್ನು ಎಣಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ. ತಂಗಿ ಇಲ್ಲದ ಹೊತ್ತಿನಲ್ಲಿ ಗಟ್ಟಿಯಾಗಿ ಓದಲು ಹೇಳಿ. ತಪ್ಪು ಓದಿದ, ಬಿಟ್ಟ, ಓದಲಾಗದೆ ನಿಂತ ಪದಗಳನ್ನು ಎಣಿಸಿ, ನಡುವೆ ತಿದ್ದಬೇಡಿ. 5ರೊಳಗಿದ್ದರೆ ಆ ಪುಸ್ತಕ ಅವನಿಗೆ ನಿಲುಕುತ್ತದೆ. 10 ದಾಟಿದರೆ ಅವನು ಪಾಠವನ್ನು ಓದುತ್ತಿಲ್ಲ, ಅಕ್ಷರಗಳ ಜೊತೆ ಗುದ್ದಾಡುತ್ತಿದ್ದಾನೆ. ಆಮೇಲೆ ಪುಸ್ತಕ ಮುಚ್ಚಿ, ಏನು ಓದಿದೆ ಎಂದು ಕನ್ನಡದಲ್ಲಾಗಲಿ ಮನೆಮಾತಿನಲ್ಲಾಗಲಿ ಹೇಳಿಸಿ. ಇದೇ ಪರೀಕ್ಷೆಯನ್ನು ಕನ್ನಡ ಪುಸ್ತಕದಲ್ಲೂ ಮಾಡಿ. ಕನ್ನಡದಲ್ಲಿ ಸಲೀಸು, ಇಂಗ್ಲಿಷಿನಲ್ಲಿ ಎಡವಟ್ಟು ಎಂದಾದರೆ ತೊಂದರೆ ಮಾಧ್ಯಮದ್ದು. ಎರಡರಲ್ಲೂ ಎಡವಿದರೆ ಕಲಿಕಾ ನ್ಯೂನತೆ, ಕಣ್ಣು, ಕಿವಿ ಇವನ್ನು ಪರೀಕ್ಷಿಸಬೇಕು. ಎರಡರಲ್ಲೂ ಸಲೀಸಾಗಿ ಓದಿದರೆ ನನ್ನ ಅನುಮಾನ ತಪ್ಪು. ಆಗ ಆ ಟೀಚರಿಗೂ ಅವನಿಗೂ ನಡುವೆ ಬೇರೇನಾಗಿದೆ ಎಂದು ಕೇಳಬೇಕು. ಕೊಡಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ ಯರವ ಭಾಷೆಯೋ ಆಡುವ ಮಗುವಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷು ಮೂರನೆಯದು. ಎಂಟನೆಯಲ್ಲಿ ಮಾಧ್ಯಮ ಬದಲಿಸಿದ ಮಕ್ಕಳಲ್ಲಿ ಕೆಲವರು ಮೊದಲ ವರ್ಷ ಕಂಠಪಾಠದಿಂದ ದಾಟುತ್ತಾರೆ, ಒಂಬತ್ತರಲ್ಲಿ ಕುಸಿಯುತ್ತಾರೆ. 'ಕಳೆದ ವರ್ಷ ಹೇಗೋ ಕಳೆಯಿತು' ಎಂಬ ನಿಮ್ಮ ಮಾತು ಇದಕ್ಕೆ ಹೊಂದುತ್ತದೆ.

ಇನ್ನು ಸಂಜೆ. 4:30ರಿಂದ 5:50ರವರೆಗೆ 80 ನಿಮಿಷ. ವಾರಕ್ಕೆ ಐದು ದಿನವೆಂದರೂ ಆರೂವರೆ ಗಂಟೆಗೆ ಮೇಲೆ. ಈ ಹೊತ್ತಿನಲ್ಲಿ ಅವನು ಶಾಲೆಯ ಜವಾಬ್ದಾರಿಯೂ ಅಲ್ಲ, ಮನೆಯ ಜವಾಬ್ದಾರಿಯೂ ಅಲ್ಲ. ಹಸಿವಾಗಿರುತ್ತದೆ, ದಿನದ ಸಿಟ್ಟೆಲ್ಲ ಒಳಗಿರುತ್ತದೆ, ಸುತ್ತ ಗೆಳೆಯರು ಮತ್ತು ಬೀಡಾ ಅಂಗಡಿ. ಬಯಲುಸೀಮೆಯ ಹುಡುಗ ನಡೆದೋ ಸೈಕಲ್ ಹತ್ತಿಯೋ ಮನೆ ಸೇರಿಬಿಡುತ್ತಾನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ಹುಡುಗನಿಗೆ ಅದಿಲ್ಲ, ತೋಟದ ರಸ್ತೆಯಲ್ಲಿ ಆನೆ ಎದುರಾಗಬಹುದು. ಮಳೆಗಾಲ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಂಬುದೇ ಇರುವುದಿಲ್ಲ. ಮಳೆ ರಜೆಯ ಪಾಠ ಸರಿದೂಗಿಸಲು ಹೊರಟಾಗ ಮೊದಲು ಹೋಗುವುದು ಆಟದ ಪಿರಿಯಡ್ಡೇ. ಓಡಿ ಬೆವರಬೇಕಾದ ವಯಸ್ಸಿನವರು ನಾಲ್ಕು ತಿಂಗಳು ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೆ ಒತ್ತೊತ್ತಾಗಿ ನಿಂತಿರುತ್ತಾರೆ. ಆಮೇಲೆ ಕಾಫಿ ಕೊಯ್ಲು. ತಂದೆತಾಯಿ ಬೆಳಗಿನಿಂದ ಸಂಜೆವರೆಗೆ ತೋಟದಲ್ಲಿ, ಕಣದಲ್ಲಿ. ರಜಾ ದಿನ ಕೈಹಾಕಿದ ಹುಡುಗನಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು. ಕೇಳುವವರಿಲ್ಲದ ದುಡ್ಡು, ಕೇಳುವವರಿಲ್ಲದ ಹೊತ್ತು ಒಟ್ಟಿಗೆ ಸೇರುವುದು ಆಗಲೇ.

ಮದ್ಯದ ಬಗ್ಗೆ ಒಂದು ಮಾತು, ಯಾರ ಪದ್ಧತಿಯನ್ನೂ ಹಳಿಯಲು ಅಲ್ಲ. ಮದುವೆ, ಹಬ್ಬಗಳಲ್ಲಿ ಗ್ಲಾಸು ತಂದುಕೊಡುವ ಕೆಲಸಕ್ಕೆ ಹುಡುಗರನ್ನು ಓಡಿಸುವುದು ನಮ್ಮಲ್ಲಿ ರೂಢಿ. 'ಒಂದು ಗುಟುಕು ಕುಡಿ ಮಾರಾಯ' ಎನ್ನುವ ಸಂಬಂಧಿಕರೂ ಇರುತ್ತಾರೆ. ಅದನ್ನು ಮನೆಯ ಹಿರಿಯರು ನಿಲ್ಲಿಸಬೇಕು. ಮಗುವಿಗೆ ಮದ್ಯ, ತಂಬಾಕು ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದಾದ ಅಪರಾಧ. ಸಂಬಂಧಿಕರಿಗೆ ಇದನ್ನು ಹೇಳಿದರೆ ಸಾಕಾಗುತ್ತದೆ.

ಏನು ಮಾಡಬೇಕು? ಮೊದಲ ಎರಡು ವಾರ ಏನನ್ನೂ ಬದಲಿಸದೆ ಪ್ರತಿ ತೊಂದರೆಯನ್ನೂ ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಐದು ಮನೆ ಹಾಕಿ: ದಿನ ಮತ್ತು ಗಂಟೆ, ಜಾಗ, ಜೊತೆಗಿದ್ದವರು, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಆದ ಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಕೊನೆಯ ಮನೆಯೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. 'ಹೊರಗೆ ನಿಲ್ಲಿಸಿದರು, ಉಳಿದ ಪಾಠ ತಪ್ಪಿತು' ಎಂದು ಬರೆದಾಗ ಕಾರಣ ತಾನಾಗಿ ಕಾಣುತ್ತದೆ. ಶಾಲೆಯ ಭಾಗಕ್ಕೆ ಕ್ಲಾಸ್ ಟೀಚರನ್ನು ಕೇಳಿ. 'ನನ್ನ ಮಗ ಹೇಗಿದ್ದಾನೆ' ಎಂದು ಕೇಳಿದರೆ ದೂರು ಸಿಗುತ್ತದೆ. 'ಯಾವ ಪಿರಿಯಡ್ಡಿನಲ್ಲಿ ತೊಂದರೆ, ಯಾವ ಪಿರಿಯಡ್ಡಿನಲ್ಲಿ ಇಲ್ಲ' ಎಂದು ಕೇಳಿದರೆ ಮಾಹಿತಿ ಸಿಗುತ್ತದೆ. ತೊಂದರೆ ಇಲ್ಲದ ಪಿರಿಯಡ್ಡುಗಳನ್ನೂ ಬರೆದುಕೊಳ್ಳಿ. ಆ ಟೀಚರ್ ಏನು ಬೇರೆ ಮಾಡುತ್ತಾರೆ ಎಂಬುದೇ ನಿಮಗೆ ಸಿಗುವ ಅತಿ ಅಗ್ಗದ ಔಷಧ.

ಈ ನಡುವೆ ಸಂಜೆಯ 80 ನಿಮಿಷಕ್ಕೆ ಜಾಗ ಹುಡುಕಿ. ಮೊದಲ ಆಯ್ಕೆ, ಶಾಲೆಯ ಮೈದಾನದಲ್ಲೇ 5:30ರವರೆಗೆ ಹಾಕಿಯೋ ಕಬಡ್ಡಿಯೋ. ಇದರಲ್ಲಿ ಒಂದು ಎಚ್ಚರ. ಜೋಸೆಫ್ ಮಹೋನಿ ಮತ್ತು ಸ್ಟಾಟಿನ್ 2000ದಲ್ಲಿ ತೋರಿಸಿದಂತೆ, ನಿಗದಿತ ಹೊತ್ತು, ಹೇಳಿಕೊಡುವ ದೊಡ್ಡವರು, ಕಲಿಯಲು ಒಂದು ಕೌಶಲ ಇರುವ ಕಡೆ ದುರ್ನಡತೆ ಕಡಿಮೆ. ಸುಮ್ಮನೆ ಸೇರಿ ಹೊತ್ತು ಕಳೆಯುವ ಕೇಂದ್ರಗಳಿಗೆ ಹೋಗುವ ಮಕ್ಕಳಲ್ಲಿ ಹೆಚ್ಚು. ಹಾಕಿ ಕೊಡಗಿನ ರಕ್ತದಲ್ಲಿದೆ, 1997ರಿಂದ ಕುಟುಂಬಗಳೇ ಸೇರಿ ಟೂರ್ನಮೆಂಟ್ ನಡೆಸುವ ನಾಡು ಇದು. ಆದರೆ ಸ್ಟಿಕ್ಕು ಕೊಟ್ಟು ಮೈದಾನಕ್ಕೆ ಬಿಟ್ಟರೆ ಸಾಲದು. ಪಿ.ಟಿ. ಮಾಸ್ಟ್ರು ಇಲ್ಲದ ಮೈದಾನ ಬಸ್ ಸ್ಟ್ಯಾಂಡಿಗಿಂತ ಮೇಲೇನಲ್ಲ. ಮಾಸ್ಟ್ರು ವಾರಕ್ಕೆ ಮೂರು ದಿನ ನಿಲ್ಲಲು ಒಪ್ಪಿದರೆ ಉಳಿದ ಎರಡು ದಿನಕ್ಕೆ ಗ್ರಂಥಾಲಯ, ಟ್ಯೂಷನ್ ಅಥವಾ ಪೇಟೆಯಲ್ಲಿರುವ ನಂಬಿಕೆಯ ಸಂಬಂಧಿಕರ ಅಂಗಡಿ. ಅಂಗಡಿಯಲ್ಲಿ ಕೂರಿಸುವುದಾದರೆ ಕೆಲಸಕ್ಕೆ ಹಚ್ಚಬೇಡಿ, ತಿಂಡಿ ಕೊಟ್ಟು ಹೋಂವರ್ಕ್ ಮಾಡಿಸಿ. ಅದೇ ದಾರಿಯ ನಾಲ್ಕೈದು ಮಕ್ಕಳ ಮನೆಯವರು ಸೇರಿ ತಿಂಗಳ ಲೆಕ್ಕಕ್ಕೆ ಒಂದು ಜೀಪೋ ಆಟೋವೋ ಗೊತ್ತು ಮಾಡುವುದು ಇನ್ನೂ ಒಳ್ಳೆಯದು. ಬೈಕ್ ಕೊಡಿಸುವ ಯೋಚನೆ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಕ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ನಮ್ಮ ತಿರುವಿನ ರಸ್ತೆಗಳ ವಿಷಯ ನಿಮಗೇ ಗೊತ್ತು.

ಶಾಲೆಯೊಳಗೆ ಎರಡು ಕೇಳಿಕೊಳ್ಳಿ, ಎರಡೇ. ಒಂದು, ಎರಡು ತಿಂಗಳು ಅವನನ್ನು ಎಲ್ಲರೆದುರು ಓದಿಸದಿರುವುದು. ಓದಿಸಲೇಬೇಕಾದರೆ ಹಿಂದಿನ ದಿನವೇ ಯಾವ ಪ್ಯಾರಾ ಎಂದು ಹೇಳಿ ಕಳಿಸುವುದು. ಎರಡು, ದಿನದ ಚೀಟಿ. ಇದು ಹಳೆಯ, ಚೆನ್ನಾಗಿ ಪರೀಕ್ಷಿಸಿದ ಕ್ರಮ. ಒಂದು ಸಣ್ಣ ಹಾಳೆಯಲ್ಲಿ 7 ಪಿರಿಯಡ್‌ಗಳ ಎದುರು ಮೂರು ಸಾಲು: ಬೆಲ್ ಆದ ಎರಡು ನಿಮಿಷದಲ್ಲಿ ಒಳಗಿದ್ದ. ಗೊತ್ತಿಲ್ಲದಾಗ 'ಗೊತ್ತಿಲ್ಲ ಮಿಸ್' ಎಂದು ಹೇಳಿದ, ಜಗಳವಾಡಲಿಲ್ಲ. ಪಿರಿಯಡ್ ಮುಗಿಯುವವರೆಗೆ ತರಗತಿಯಲ್ಲೇ ಇದ್ದ. ಟೀಚರ್ ಪ್ರತಿ ಸಾಲಿಗೂ 1 ಅಥವಾ 0 ಹಾಕಿ ಸಹಿ ಮಾಡಬೇಕು, ಹತ್ತು ಸೆಕೆಂಡಿನ ಕೆಲಸ. ಒಟ್ಟು 21 ಅಂಕ.

ಚೀಟಿ ಕೆಡುವ ಬಗೆಗಳೂ ಗೊತ್ತಿರಲಿ. ಮೊದಲ ದಿನವೇ 20 ಬೇಕೆಂದರೆ ಮೂರನೇ ದಿನ ಚೀಟಿ ಕಳೆದುಹೋಗುತ್ತದೆ. ಐದು ದಿನ ಸುಮ್ಮನೆ ಅಂಕ ಹಾಕಿಸಿ ಸರಾಸರಿ ನೋಡಿ. ಅದು 10 ಇದ್ದರೆ ಮೊದಲ ವಾರದ ಗುರಿ 12, ಅದು ದಾಟಿದ ಮೇಲೆ 14. 17ರ ಆಸುಪಾಸಿನಲ್ಲಿ ಮೂರು ನಾಲ್ಕು ವಾರ ನಿಂತರೆ ಚೀಟಿಯನ್ನು ದಿನ ಬಿಟ್ಟು ದಿನ ಮಾಡಿ. ಗುರಿ ಮುಟ್ಟಿದ ಸಂಜೆಯೇ ಏನಾದರೂ ಸಿಗಬೇಕು, ದುಡ್ಡಲ್ಲ: ಅರ್ಧ ಗಂಟೆ ಫೋನು, ಅಪ್ಪನ ಜೊತೆ ಮೀನು ಹಿಡಿಯಲು ಹೋಗುವುದು, ಭಾನುವಾರದ ಪಂದ್ಯ. ಮುಟ್ಟದಿದ್ದರೆ ಅದು ಸಿಗುವುದಿಲ್ಲ, ಅಷ್ಟೇ. ಪ್ರತಿ ಸೊನ್ನೆಗೂ ವಿಚಾರಣೆ ನಡೆಸಿದರೆ ಚೀಟಿ ಚಾರ್ಜ್‌ಶೀಟ್ ಆಗಿಬಿಡುತ್ತದೆ. ಮೊದಲ ಎರಡು ವಾರ ಅವನು ಇನ್ನೂ ಹೆಚ್ಚು ಕಾಡಬಹುದು. ಜಗಳದಿಂದ ಹಿಂದೆ ಸಿಗುತ್ತಿದ್ದ ಬಿಡುಗಡೆ ಈಗ ಸಿಗುತ್ತಿಲ್ಲ, ಇನ್ನಷ್ಟು ಗಟ್ಟಿಯಾಗಿ ಪ್ರಯತ್ನಿಸುತ್ತಾನೆ. ಆಗ ಬಿಟ್ಟುಕೊಟ್ಟರೆ 'ಇಷ್ಟು ಜೋರು ಮಾಡಿದರೆ ಆಗುತ್ತದೆ' ಎಂದು ಕಲಿಯುತ್ತಾನೆ.

ಪೋಷಕರ ಸಭೆಯಲ್ಲಿ ನಿಮಗೆ ಮಾತಾಡಲು ಅವಕಾಶ ಸಿಕ್ಕರೆ, ನಿಮ್ಮ ಮಗನ ಹೆಸರೆತ್ತದೆ ಇದನ್ನು ಕೇಳಿ: ಇಂಟರ್‌ವಲ್‌ನಲ್ಲಿ ಮತ್ತು ಊಟದ ಹೊತ್ತಿನಲ್ಲಿ ಶೌಚಾಲಯದ ಕಡೆಗೆ ಒಬ್ಬ ಶಿಕ್ಷಕರು ಸರದಿಯಲ್ಲಿ ನಿಲ್ಲಬಹುದೇ? ಹೊರಗೆ ಹಾಕುವ ಬದಲು ತರಗತಿಯಲ್ಲೇ ಜಾಗ ಬದಲಿಸಿ ಕೂರಿಸಬಹುದೇ? 1979ರಲ್ಲಿ ಮೈಕೆಲ್ ರಟ್ಟರ್ ತಂಡ ಲಂಡನ್ನಿನ 12 ಹೈಸ್ಕೂಲುಗಳನ್ನು ಹೋಲಿಸಿದಾಗ ನಡತೆಯಲ್ಲಿ ದೊಡ್ಡ ಅಂತರ ಕಂಡಿತು. ಅದಕ್ಕೆ ಕಾರಣ ಕಟ್ಟಡದ ವಯಸ್ಸೂ ಅಲ್ಲ, ಶಾಲೆಯ ಗಾತ್ರವೂ ಅಲ್ಲ. ಪಾಠ ಹೊತ್ತಿಗೆ ಸರಿಯಾಗಿ ಶುರುವಾಗುವುದು, ಮೆಚ್ಚುಗೆಯ ಮಾತು, ಮಕ್ಕಳಿಗೆ ಜವಾಬ್ದಾರಿ ಕೊಡುವುದು ಇಂಥವೇ ಲೆಕ್ಕಕ್ಕೆ ಬಂದವು. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, 18 ತುಂಬದವರಿಗೆ ಎಲ್ಲೂ ಮಾರುವಂತಿಲ್ಲ ಎಂಬುದು 2003ರ ಕೇಂದ್ರ ಕಾಯ್ದೆ; ಕರ್ನಾಟಕದಲ್ಲಿ 2025ರಿಂದ ಆ ವಯಸ್ಸು 21. ಅಂಗಡಿಯವರ ಜೊತೆ ನೀವೊಬ್ಬರೇ ಜಗಳಕ್ಕೆ ನಿಲ್ಲಬೇಡಿ, ಹೆಡ್‌ಮಾಸ್ಟರ ಲೆಟರ್‌ಹೆಡ್ಡಿನಲ್ಲಿ ಪಂಚಾಯಿತಿಗೂ ಠಾಣೆಗೂ ಪತ್ರ ಹೋಗಲಿ.

ಈಗ ನಿಮ್ಮ ಮುಂದಿರುವ ದೊಡ್ಡ ಆಯ್ಕೆಗಳು. ಶಾಲೆ ಬದಲಿಸುವುದರಿಂದ ಮೊದಲ ತಿಂಗಳು ಶಾಂತಿ ಸಿಗುತ್ತದೆ. ಆದರೆ ಓದಿನ ತೊಂದರೆ ಅವನ ಚೀಲದಲ್ಲೇ ಹೊಸ ಶಾಲೆಗೂ ಹೋಗುತ್ತದೆ. ವರ್ಷದ ನಡುವೆ ಬಂದ ಹುಡುಗನನ್ನು ಮೊದಲು ಒಳಗೆ ಬಿಟ್ಟುಕೊಳ್ಳುವ ಗುಂಪು ಸಾಮಾನ್ಯವಾಗಿ ಹಿಂದಿನ ಬೆಂಚಿನದೇ. ಮಾಧ್ಯಮವೇ ಕಾರಣವೆಂದು ಖಚಿತವಾದರೆ ಬದಲಿಸಬಹುದು, ಇದೇ ಶಾಲೆಯ ಕನ್ನಡ ವಿಭಾಗವಿದ್ದರೆ ಅದೇ ಮೊದಲ ಆಯ್ಕೆ. ಆಗಲೂ ಈ ವರ್ಷ ಮುಗಿಸಿ, ಬೇಸಿಗೆ ರಜೆಯಲ್ಲಿ ಮಾಡಿ. ಹತ್ತನೆಯ ಮಧ್ಯದಲ್ಲಿ ಮಾತ್ರ ಬೇಡ. ಶಿಕ್ಷಕರಿಂದಲೋ ಹಿರಿಯ ವಿದ್ಯಾರ್ಥಿಗಳಿಂದಲೋ ಹಿಂಸೆ ನಡೆಯುತ್ತಿದೆ, ಶಾಲೆ ಕೇಳಿಸಿಕೊಳ್ಳುತ್ತಿಲ್ಲ ಎಂದಾದರೆ ಕಾಯದೆ ಬದಲಿಸಿ.

ಹಾಸ್ಟೆಲ್ ಬಗ್ಗೆ ನನಗೆ ಹಿಂಜರಿಕೆ ಹೆಚ್ಚು. ತೊಂದರೆಯ ಹುಡುಗರನ್ನೆಲ್ಲ ಒಂದೆಡೆ ಸೇರಿಸಿ ತಿದ್ದಲು ಹೊರಟ ಕಾರ್ಯಕ್ರಮಗಳು ಕೆಲವೊಮ್ಮೆ ಅವರನ್ನು ಇನ್ನೂ ಕೆಡಿಸಿದ್ದನ್ನು ಥಾಮಸ್ ಡಿಷಿಯನ್ ಮತ್ತು ಜೊತೆಗಾರರು 1999ರಲ್ಲಿ ದಾಖಲಿಸಿದರು. ಒಬ್ಬನ ಪುಂಡಾಟಕ್ಕೆ ಉಳಿದವರ ನಗುವೇ ಬಹುಮಾನವಾಗುತ್ತದೆ. 'ಶಿಸ್ತಿಗೆ ಹೆಸರಾದ' ಹಾಸ್ಟೆಲುಗಳಿಗೆ ಹೀಗೆ ಮನೆಯವರು ಕೈಚೆಲ್ಲಿದ ಮಕ್ಕಳೇ ಹೆಚ್ಚು ಬಂದು ಸೇರುವ ಅಪಾಯವಿದೆ. ಮಿಗಿಲಾಗಿ ಅವನು ಸರಿಯಾಗಿರುವ ಒಂದೇ ಜಾಗ ನಿಮ್ಮ ಮನೆ. ಅದರಿಂದಲೇ ಅವನನ್ನು ಕೀಳುವುದು ನನಗೆ ಅರ್ಥವಾಗದ ಚಿಕಿತ್ಸೆ. ಮಾವನವರು ಪಟ್ಟು ಹಿಡಿದರೆ, ಸಂಜೆ 5ರಿಂದ ರಾತ್ರಿ 10ರವರೆಗೆ ಎಷ್ಟು ಮಕ್ಕಳಿಗೆ ಎಷ್ಟು ವಾರ್ಡನ್‌ಗಳು, ಹಿರಿಯ ಕಿರಿಯ ಹುಡುಗರ ಕೋಣೆ ಬೇರೆಯೇ, ಮಗ ಬೇಕೆಂದಾಗ ಫೋನ್ ಮಾಡಬಹುದೇ ಎಂದು ಖುದ್ದಾಗಿ ಹೋಗಿ ನೋಡಿ ಬನ್ನಿ ಎನ್ನಿ.

ಹೊಡೆತದಿಂದ ಆ ಸಂಜೆ ಮೌನ ಸಿಗುತ್ತದೆ. ಆದರೆ ಬಲ ಇದ್ದವನ ಮಾತು ನಡೆಯುತ್ತದೆ ಎಂಬ ಪಾಠವೇ ಮರುದಿನ ಬಸ್ ಸ್ಟ್ಯಾಂಡಿಗೆ ಹೋಗುತ್ತದೆ. ಯಜಮಾನರ ಸಿಟ್ಟು ಭಯದಿಂದ ಬಂದದ್ದು, ಅದು ಅರ್ಥವಾಗುತ್ತದೆ. ಅವರು ಕ್ಷಮೆಯ ದೊಡ್ಡ ಮಾತಾಡಬೇಕಿಲ್ಲ. ತೋಟಕ್ಕೆ ಹೋಗುವಾಗ ಮಗನನ್ನು ಜೊತೆಗೆ ಕರೆದು, 'ಅವತ್ತು ಬೆಲ್ಟ್ ತೆಗೆದದ್ದು ನನ್ನ ತಪ್ಪು, ತಂಬಾಕು ನಿನ್ನ ತಪ್ಪು, ಎರಡೂ ಮತ್ತೆ ಬೇಡ' ಎಂದರೆ ಸಾಕು. ಕೆಲಸ ಮಾಡುತ್ತ, ಮುಖ ನೋಡದೆ ಆಡುವ ಮಾತು ಈ ವಯಸ್ಸಿನವರಿಗೆ ಸುಲಭ. ಟಿ.ಸಿ. ಬೆದರಿಕೆ ಬಂದರೆ ಮೇಲಿನ ನೋಟ್‌ಬುಕ್ಕು, ಚೀಟಿಯ ಯೋಜನೆ ಹಿಡಿದು ಹೋಗಿ, ಲಿಖಿತವಾಗಿ ಎಂಟು ವಾರ ಕೇಳಿ. ಎಂಟನೆಯವರೆಗಿನ ಮಕ್ಕಳನ್ನು ಶಾಲೆಯಿಂದ ಹೊರಹಾಕಲು 2009ರ ಶಿಕ್ಷಣ ಹಕ್ಕು ಕಾಯ್ದೆ ಬಿಡುವುದಿಲ್ಲ. ಒಂಬತ್ತಕ್ಕೆ ಆ ರಕ್ಷಣೆ ಇಲ್ಲ, ಆದ್ದರಿಂದ ಕಾನೂನಿನ ಮಾತಿಗಿಂತ ಯೋಜನೆಯ ಮಾತು ನಿಮಗೆ ಹೆಚ್ಚು ನೆರವಾಗುತ್ತದೆ. ಶಾಲೆ ಒಪ್ಪದಿದ್ದರೆ ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಇದೆ.

ತಂಬಾಕನ್ನು ಬೇರೆಯಾಗಿ ನೋಡಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸುತ್ತದೆಯೇ ಎಂದು ಸಿಟ್ಟಿಲ್ಲದೆ ಕೇಳಿ. ಕೊನೆಯದಕ್ಕೆ ಹೌದು ಎಂದರೆ ಚಟ ಹಿಡಿದಿದೆ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ಚಡಪಡಿಕೆ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳ ಸಿಡುಕನ್ನು ಹೊಸ ದುರ್ನಡತೆಯೆಂದು ಲೆಕ್ಕ ಹಾಕಬೇಡಿ. ತಂಬಾಕು ಬಿಡಲು ನೆರವಾಗುವ ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356.

ಕೆಲವು ಲಕ್ಷಣಗಳಿದ್ದರೆ ಚೀಟಿ, ನೋಟ್‌ಬುಕ್ಕು ಎಲ್ಲ ಬಿಟ್ಟು ನೇರ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ: ಸಾಯುವ ಮಾತು, ಮೈ ಕೊಯ್ದುಕೊಳ್ಳುವುದು, ಪ್ರಾಣಿಗಳಿಗೆ ಹಿಂಸೆ, ಚೀಲದಲ್ಲಿ ಚಾಕು, ಗಾಂಜಾ, ನಿದ್ದೆ ಊಟ ಪೂರ್ತಿ ಕೆಡುವುದು, ಯಾವುದೋ ಒಬ್ಬ ವ್ಯಕ್ತಿಯನ್ನು ಅಥವಾ ಜಾಗವನ್ನು ಕಂಡರೆ ಇದ್ದಕ್ಕಿದ್ದಂತೆ ಹೆದರುವುದು. ಕೊನೆಯದು ಲೈಂಗಿಕ ದೌರ್ಜನ್ಯದ ಸುಳಿವಾಗಿರಬಹುದು, ಗಂಡುಮಕ್ಕಳಲ್ಲೂ. ರಾತ್ರಿ ಹೊತ್ತಿಗೆ ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ನಮ್ಮ ಜಿಲ್ಲೆಗೆ ಬೇಕಾದ ಇನ್ನೊಂದು ಎಚ್ಚರ: ಮನೆಯಲ್ಲಿ ಕೋವಿ ಇದ್ದರೆ ಅದನ್ನು ಒಂದು ಕಡೆ, ತೋಟಾವನ್ನು ಇನ್ನೊಂದು ಕಡೆ ಬೀಗ ಹಾಕಿಡಿ, ಕೀಲಿ ದೊಡ್ಡವರ ಸೊಂಟದಲ್ಲಿರಲಿ. ಕಾಫಿಗೆ ಹೊಡೆಯುವ ಕೀಟನಾಶಕ, ಕಳೆನಾಶಕದ ಡಬ್ಬಿಗಳಿಗೂ ಬೀಗ. ಮಗ ಚೆನ್ನಾಗಿದ್ದಾನೆ ಎನಿಸಿದರೂ ಇದನ್ನು ಇಂದೇ ಮಾಡಿ. ಅಪ್ಪನ ಜೊತೆ ಮಾತು ಬಿಟ್ಟ 14ರ ಹುಡುಗನಿರುವ ಮನೆಯಲ್ಲಿ ಇದು ನಾಳೆಗೆ ಉಳಿಸುವ ಕೆಲಸವಲ್ಲ.

ನಿಮ್ಮ ಕಡೆ ರೋಬಸ್ಟಾ ಕೊಯ್ಲು ಜನವರಿಯಲ್ಲಿ ಶುರುವಾದರೆ ಮಾರ್ಚ್‌ವರೆಗೆ ನಿಮಗೂ ಯಜಮಾನರಿಗೂ ಉಸಿರಾಡಲು ಬಿಡುವಿರುವುದಿಲ್ಲ, ಅವನ ಪರೀಕ್ಷೆಯೂ ಆ ಹೊತ್ತಿಗೇ. ಹಾಗಾಗಿ ಓದಿನ ಪರೀಕ್ಷೆ ಈ ಭಾನುವಾರ, ನೋಟ್‌ಬುಕ್ಕು ಸೋಮವಾರದಿಂದ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ರಜೆಯ ಹೊತ್ತಿಗೆ ಸಂಜೆಯ ಜಾಗವೂ ವಾಹನವೂ ಗೊತ್ತಾಗಿರಲಿ, ಚೀಟಿ ಡಿಸೆಂಬರಿನಲ್ಲಿ ಓಡುತ್ತಿರಲಿ. ಎಂಟು ವಾರದ ಚೀಟಿಗಳನ್ನು ಬಿಸಾಡಬೇಡಿ. ಅಂಕ ಏರದೆ ನಿಂತಿದ್ದರೆ ಮನೋವೈದ್ಯರಿಗೆ ಮೊದಲು ತೋರಿಸಬೇಕಾದ ಕಾಗದ ಅದೇ. ಏರಿದ್ದರೆ ಹೆಡ್‌ಮಾಸ್ಟರಿಗೆ.